ನೀರಿಗೂ ವಯಸ್ಸಾಗಬೇಕು: ಅಕ್ವೇರಿಯಂ ಗಾಸ್‌ನ ಕಥೆ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ನಾನು ಬೈಲಹೊಂಗಲದವ, ಒಬ್ಬ ಕಿತ್ತೂರಿನವ, ಒಬ್ಬ ಸವದತ್ತಿ, ಇನ್ನೊಬ್ಬ ರಾಮದುರ್ಗ. ನಾಲ್ಕೂ ಸೀಮೆಯನ್ನು ಒಂದೇ ದಾರದಾಗ ಪೋಣಿಸಿದ್ದು ಮಲಪ್ರಭಾ. ಈ ಹೊಳಿದೊಂದು ವಿಚಿತ್ರ ನೋಡ್ರಿ. ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯ ಮೇಲೆ. ಅರಬ್ಬಿ ಸಮುದ್ರ ಅಲ್ಲಿಂದ ಕೆಳಗೇ ಐತಿ. ಆದರೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೊರಡುತ್ತದೆ. ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಸಿಕ್ಕಿ ನಿಂತು, ರಾಮದುರ್ಗ ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಂದ್ರೆ ನಾವೆಲ್ಲ ಸಮುದ್ರಕ್ಕೆ ಬೆನ್ನು ಹಾಕಿದ ನೀರು ಕುಡಿದು ಬೆಳೆದವರು.

ಅಂಥವರು ಮೂರನೇ ಸೆಮಿಸ್ಟರಿನಲ್ಲಿ ಕಿಟಕಿ ಪಕ್ಕದ ಶೆಲ್ಫಿನ ಮೇಲೆ ಇಪ್ಪತ್ತು ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟೆವು. ವಿಡಿಯೋದಲ್ಲಿ ನೋಡಿದ ಹವಳದ ದಿಬ್ಬದಂಥಾದ್ದೇ ಬೇಕಿತ್ತು. ಸ್ವಚ್ಛ ಇಡಬೇಕು ಅಂತ ಪ್ರತಿ ಭಾನುವಾರ ನೀರು ಪೂರ್ತಿ ಬದಲಿಸಿದೆವು, ಕಲ್ಲುಗಳನ್ನು ನಳದ ಕೆಳಗೆ ಹಿಡಿದು ಬ್ರಷ್ ಹಾಕಿ ಉಜ್ಜಿದೆವು. ಐದನೇ ವಾರಕ್ಕೆ ತಂದಿದ್ದ ಬಸವನಹುಳುಗಳೆಲ್ಲ ಸತ್ತು, ಆ ವಾಸನೆಗೆ ಇಡೀ ಕಾರಿಡಾರ್ ನಮ್ಮನ್ನು ಬೈಯಿತು. ತಪ್ಪೆಲ್ಲಾಯ್ತು ಅಂತ ಹುಡುಕುತ್ತ ಹೋದಾಗ ಸಿಕ್ಕವನು ಫಿಲಿಪ್ ಹೆನ್ರಿ ಗಾಸ್. ಸತ್ತು ನೂರಾ ಮೂವತ್ತು ವರ್ಷ ದಾಟಿದ ಮನುಷ್ಯ. ನಾವು ಮಾಡಿದ ತಪ್ಪನ್ನು ಮಾಡಬಾರದು ಅಂತ 1850ರ ದಶಕದಲ್ಲೇ ಪುಸ್ತಕ ಬರೆದಿಟ್ಟಿದ್ದ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ. ಅಪ್ಪ ಥಾಮಸ್ ಗಾಸ್ ಊರೂರು ತಿರುಗಿ ಪುಟ್ಟ ಪುಟ್ಟ ಭಾವಚಿತ್ರ ಬರೆದುಕೊಡುವ ಕಲಾವಿದ. ಕಲೆ ಇತ್ತು, ರೊಕ್ಕ ಇರಲಿಲ್ಲ. ಕುಟುಂಬ ಪೂಲ್ ಎಂಬ ಬಂದರು ಊರಿಗೆ ಬಂದು ನೆಲೆಸಿತು. ಹುಡುಗನಿಗೆ ಸಮುದ್ರದ ಹುಚ್ಚು ಹಿಡಿಸಿದವಳು ಸೋದರತ್ತೆ ಸೂಸನ್ ಬೆಲ್. ಹುಳ ಹುಪ್ಪಡಿ, ಚಿಪ್ಪು, ಬಂಡೆಗಂಟಿದ ಸಮುದ್ರಹೂ, ಏನು ತಂದು ತೋರಿಸಿದರೂ ಆಕೆ ಅದರ ಹೆಸರು ಹೇಳಿ, ಅದು ಹೇಗೆ ಬದುಕುತ್ತದೆ ಅಂತ ವಿವರಿಸುತ್ತಿದ್ದಳು. ಆಕೆಯ ಮಗ ಥಾಮಸ್ ಬೆಲ್ ಮುಂದೆ ದೊಡ್ಡ ಪ್ರಾಣಿಶಾಸ್ತ್ರಜ್ಞನಾದ. ಅಣ್ಣನ ಮಗನಿಗೆ ಮಾತ್ರ ಕಾಲೇಜಿನ ಯೋಗ ಇರಲಿಲ್ಲ. ಹದಿನೈದರ ವಯಸ್ಸಿಗೇ ಒಂದು ವ್ಯಾಪಾರಿ ಕಚೇರಿಯಲ್ಲಿ ಲೆಕ್ಕ ಬರೆಯಲು ಕೂತ.

ನಮ್ಮ ಕಿತ್ತೂರಿನವನಿಗೆ ಯಾವ ಇಸವಿ ಹೇಳಿದರೂ ಅದನ್ನು ಚನ್ನಮ್ಮನ ಕಾಲಕ್ಕೆ ಜೋಡಿಸುವ ಚಟ. ಲೆಕ್ಕ ಹಾಕಿ ಹೇಳಿದ: 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆ ಎದುರು ಥ್ಯಾಕರೆ ಬಿದ್ದಾಗ ಗಾಸ್‌ಗೆ ಹದಿನಾಲ್ಕು ವರ್ಷ. 1829ರ ಫೆಬ್ರವರಿಯಲ್ಲಿ ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಚನ್ನಮ್ಮ ತೀರಿಕೊಂಡಾಗ ಹದಿನೆಂಟು. ಆ ಹೊತ್ತಿಗೆ ಅವನಿದ್ದದ್ದು ಅಟ್ಲಾಂಟಿಕ್‌ನ ಆಚೆ, ನ್ಯೂಫೌಂಡ್‌ಲ್ಯಾಂಡಿನ ಕಾರ್ಬೊನಿಯರ್ ಎಂಬ ಮೀನುಗಾರರ ಊರಿನಲ್ಲಿ. 1827ರಲ್ಲಿ ಗುಮಾಸ್ತನಾಗಿ ಹಡಗು ಹತ್ತಿದ್ದ. ಹಗಲೆಲ್ಲ ಮೀನು ಮತ್ತು ಉಪ್ಪಿನ ಲೆಕ್ಕ, ಉಳಿದ ಹೊತ್ತು ಹುಳು ಹಿಡಿಯೋದು. 1832ರಲ್ಲಿ ಮೈಕ್ರೋಸ್ಕೋಪ್ ಬಗ್ಗೆ ಒಂದು ಹಳೇ ಪುಸ್ತಕ ಕೈಗೆ ಸಿಕ್ಕಿತು. ಅಲ್ಲಿಂದ ಅವನ ಹಾದಿಯೇ ಬದಲಾಯಿತು. ಕಲಿಸುವವರು ಯಾರೂ ಇಲ್ಲದೆ, ಆ ದ್ವೀಪದ ಕೀಟಗಳನ್ನೆಲ್ಲ ಚಿತ್ರ ಬರೆದು ದಾಖಲಿಸಿದ.

ಮುಂದಿನ ಹತ್ತು ವರ್ಷ ಸೋಲಿನ ಮೇಲೆ ಸೋಲು. 1835ರಲ್ಲಿ ಕೆನಡಾಕ್ಕೆ ಹೋಗಿ ಒಕ್ಕಲುತನಕ್ಕೆ ಇಳಿದ, ಮೂರು ವರ್ಷದಲ್ಲಿ ಕೈಸುಟ್ಟುಕೊಂಡ. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹತ್ತಿ ತೋಟದ ಮಾಲೀಕರ ಮಕ್ಕಳಿಗೆ ಮೇಷ್ಟ್ರಾದ. ಅಲ್ಲಿನ ಗುಲಾಮಗಿರಿ ನೋಡಲಾಗದೆ ಕೆಲವೇ ತಿಂಗಳಲ್ಲಿ ಬಿಟ್ಟುಬಂದ. 1839ರಲ್ಲಿ ಖಾಲಿ ಜೇಬಿನಲ್ಲಿ ಇಂಗ್ಲೆಂಡಿಗೆ ಮರಳಿದಾಗ ಹತ್ತಿರ ಇದ್ದದ್ದು ನೋಟ್‌ಬುಕ್ಕುಗಳು ಮಾತ್ರ. ಆ ನೋಟ್‌ಬುಕ್ಕಿನಿಂದಲೇ 1840ರಲ್ಲಿ ಮೊದಲ ಪುಸ್ತಕ ಬಂತು, ಪುಸ್ತಕದಿಂದ ಸ್ವಲ್ಪ ಹೆಸರು ಬಂತು. 1844ರಿಂದ 46ರವರೆಗೆ ಜಮೈಕಾದಲ್ಲಿ ಇದ್ದು ಅಲ್ಲಿನ ಹಕ್ಕಿಗಳ ಮೇಲೆ ಬರೆದದ್ದು ಅವನಿಗೆ ಗಟ್ಟಿ ಸ್ಥಾನ ಕೊಟ್ಟಿತು. ಇದೆಲ್ಲ ಬೇರೆಯೇ ಕಥೆ, ಬಿಡ್ರಿ.

1848ರಲ್ಲಿ ಎಮಿಲಿ ಬೌಸ್ ಎಂಬ ಲೇಖಕಿಯನ್ನು ಮದುವೆಯಾದ. ಇಬ್ಬರೂ ಕಡು ಧಾರ್ಮಿಕರು. 1849ರ ಸೆಪ್ಟೆಂಬರ್ 21ರಂದು ಒಬ್ಬನೇ ಮಗ ಎಡ್ಮಂಡ್ ಹುಟ್ಟಿದ. ಅವತ್ತಿನ ಡೈರಿಯಲ್ಲಿ ಗಾಸ್ ಮಗ ಹುಟ್ಟಿದ್ದನ್ನೂ, ಜಮೈಕಾದಿಂದ ಒಂದು ಹಸಿರು ಸ್ವಾಲೋ ಹಕ್ಕಿ ಬಂದು ತಲುಪಿದ್ದನ್ನೂ ಒಂದರ ಕೆಳಗೊಂದು ಬರೆದಿಟ್ಟಿದ್ದಾನೆ, ಎರಡಕ್ಕೂ ಒಂದೇ ತೂಕ. ಓದಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಲ್ಯಾಬ್ ರೆಕಾರ್ಡ್ ಬರೆಯುವವರ ರೀತಿ ಇದು ಅನ್ನಿಸಿತು: ನಡೆದದ್ದನ್ನು ನಡೆದ ಹಾಗೆ ಬರೆಯೋದು, ಅಷ್ಟೆ.

1852ರ ಹೊತ್ತಿಗೆ ಓದಿ, ಬರೆದು, ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕೂತು ಆರೋಗ್ಯ ಕೆಟ್ಟಿತು. ಲಂಡನ್ ಬಿಟ್ಟು ಡೆವನ್ ಜಿಲ್ಲೆಯ ಕಡಲತೀರಕ್ಕೆ ಹೋಗಬೇಕಾಯಿತು. ವಿಶ್ರಾಂತಿಗೆ ಅಂತ ಹೋದವನು ಭರತ ಇಳಿದಾಗಲೆಲ್ಲ ಬಂಡೆಗಳ ನಡುವಿನ ಹೊಂಡಗಳಲ್ಲಿ ಮೊಣಕಾಲುದ್ದ ನೀರಿಗಿಳಿದು ಸಮುದ್ರಹೂ ಎಬ್ಬಿಸತೊಡಗಿದ. ಸಮುದ್ರಹೂ ಅಂದ್ರೆ ಹೂವಲ್ಲ, ಹವಳದ ಬಳಗದ ಪ್ರಾಣಿ. ಬಂಡೆಗೆ ಅಂಟಿಕೊಂಡು ದಳದಂಥ ತೋಳುಗಳನ್ನು ಬಿಚ್ಚಿ ಕೂತಿರುತ್ತದೆ. ಅದನ್ನು ಮನೆಗೆ ತಂದರೆ ಎರಡು ದಿನಕ್ಕೆ ಸಾಯುತ್ತಿತ್ತು. ನೀರು ಹಾಳಾಗುತ್ತಿತ್ತು. ಆ ಕಾಲದ ದೊಡ್ಡ ಸಮಸ್ಯೆಯೇ ಇದು. ಸಮುದ್ರದ ಪ್ರಾಣಿಯ ಬಗ್ಗೆ ಬರೆದವರೆಲ್ಲ ನೋಡಿದ್ದು ಸ್ಪಿರಿಟ್ಟಿನ ಬಾಟಲಿಯಲ್ಲಿ ಸುಕ್ಕುಗಟ್ಟಿದ ಹೆಣವನ್ನು.

ಇಲ್ಲಿ ಗಾಸ್‌ಗಿಂತ ಮುಂಚಿನ ಇಬ್ಬರ ವಿಷಯ ಹೇಳಲೇಬೇಕು. ಯಾಕಂದ್ರೆ ಕಡಿಮೆ ಕೆಲಸದಲ್ಲಿ ನೀರು ಸ್ವಚ್ಛ ಇರಬೇಕು ಅನ್ನೋ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಅವರ ಕೈಯಲ್ಲಿ.

ಮೊದಲನೆಯವಳು ಆನಾ ಥಿನ್. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬೆಯ ಪಾದ್ರಿ. 1846ರಲ್ಲಿ ಟಾರ್ಕಿ ಊರಿನ ಕಡಲಿನಿಂದ ಬಟ್ಟಲಿನಂಥ ಪುಟ್ಟ ಹವಳಗಳನ್ನು ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ದಾರಿಯಲ್ಲಿ ಒಂದಕ್ಕೊಂದು ಬಡಿಯದಿರಲಿ ಅಂತ ಸೂಜಿ ದಾರ ತಗೊಂಡು ಅವುಗಳನ್ನು ಒಂದು ಸ್ಪಂಜಿಗೆ ಹೊಲಿದುಬಿಟ್ಟಿದ್ದಳು! ಮನೆಗೆ ಬಂದ ಮೇಲೆ, ನೀರಿಗೆ ಗಾಳಿ ಬೇಕು ಅಂತ, ತೆರೆದ ಕಿಟಕಿಯ ಎದುರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯೋದು, ಮತ್ತೆ ಸುರಿಯೋದು. ದಿನವೂ ಅರ್ಧ ಮುಕ್ಕಾಲು ತಾಸು. ಸುರಿದವಳು ಮನೆಕೆಲಸದಾಕೆ. ಮರುವರ್ಷ ಆನಾ ಸಮುದ್ರದ ಪಾಚಿಯನ್ನೂ ಪಾತ್ರೆಗೆ ಹಾಕಿದಳು. ಆ ಹವಳಗಳು ಸಮುದ್ರದಿಂದ ಅಷ್ಟು ದೂರದಲ್ಲಿ ವರ್ಷಗಟ್ಟಲೆ ಬದುಕಿ ಮರಿ ಹಾಕಿದವು. ಹವಳದ ಟ್ಯಾಂಕಿನ ಇತಿಹಾಸ ಬರೆಯುವವರು ಆ ಕೆಲಸದಾಕೆಯ ತೋಳಿನ ಬಗ್ಗೆ ಒಂದು ಸಾಲಾದರೂ ಬರೀಬೇಕು ಅಂತ ನನಗನ್ನಿಸುತ್ತದೆ. ಇವತ್ತಿನ ಏರ್ ಪಂಪ್ ಆಕೆಯೇ.

ಎರಡನೆಯವನು ರಾಬರ್ಟ್ ವಾರಿಂಗ್ಟನ್, ಲಂಡನ್ನಿನ ಔಷಧ ತಯಾರಕರ ಸಂಘದ ರಸಾಯನಶಾಸ್ತ್ರಜ್ಞ. 1849ರಲ್ಲಿ ಹನ್ನೆರಡು ಗ್ಯಾಲನ್ನಿನ ಗಾಜಿನ ಪಾತ್ರೆಗೆ ಸಿಹಿನೀರು ತುಂಬಿ ಎರಡು ಗೋಲ್ಡ್‌ಫಿಶ್ ಬಿಟ್ಟು ವಾಲಿಸ್ನೇರಿಯಾ ಗಿಡ ನೆಟ್ಟ. ಲೆಕ್ಕ ಸರಳ: ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ. ಕೆಲ ವಾರ ಚೆನ್ನಾಗಿ ನಡೆಯಿತು. ಆಮೇಲೆ ಗಿಡದ ಹಳೇ ಎಲೆ ಕೊಳೆತು, ನೀರು ಮಂಕಾಗಿ, ಗಾಜಿನ ಮೇಲೆ ಹಸಿರು ಲೋಳೆ ಹತ್ತಿತು. ನಾವಾಗಿದ್ದರೆ ನೀರು ಚೆಲ್ಲಿ ತೊಳೀತಿದ್ದೆವು. ವಾರಿಂಗ್ಟನ್ ಕೊಳದ ಬಸವನಹುಳು ಐದಾರು ತಂದು ಬಿಟ್ಟ. ಅವು ಕೊಳೆತ ಎಲೆ ತಿಂದವು, ಲೋಳೆ ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದವು. ನೀರು ತಿಳಿಯಾಯಿತು. ಈ ಪ್ರಯೋಗ 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಬಂತು. ಮಾಸ್ ಬ್ಯಾಲೆನ್ಸ್ ಸಮೀಕರಣದಲ್ಲಿ ಒಂದು ಪದ ಬಿಟ್ಟುಹೋಗಿತ್ತು, ಅದು ಬಸವನಹುಳು.

ಗಾಸ್ ಮಾಡಿದ್ದು ಇದೇ ಸಮತೋಲನವನ್ನು ಉಪ್ಪುನೀರಿನಲ್ಲಿ ಸಾಧಿಸಿ, ಸಾಮಾನ್ಯ ಮನೆಯ ಮೇಜಿನ ಮೇಲೆ ಇಡುವ ಹಾಗೆ ಮಾಡಿದ್ದು. ವಾರಿಂಗ್ಟನ್ನನೂ ಅದೇ ಹೊತ್ತಿಗೆ ಸಮುದ್ರದ ನೀರಿಗೆ ಕೈ ಹಾಕಿದ್ದ; ಇಬ್ಬರೂ ಬೇರೆ ಬೇರೆಯಾಗಿ ಅದೇ ಜಾಗಕ್ಕೆ ಬಂದರು. ಡೆವನ್ನಿನಲ್ಲಿ ಗಾಸ್ ಒಂದೊಂದೇ ಪಾಚಿ ಹಾಕಿ ನೋಡಿದ. ಕಂದು ಬಣ್ಣದ ದಪ್ಪ ಪಾಚಿಗಳು ಲೋಳೆ ಬಿಟ್ಟು ಕೊಳೆತು ನೀರು ಕೆಡಿಸುತ್ತವೆ, ಅವು ಬೇಡ. ತೆಳು ಹಸಿರು ಉಲ್ವಾ ಒಳ್ಳೆಯದು, ಬಿಸಿಲಿಗೆ ಅದರ ಮೈತುಂಬ ಆಮ್ಲಜನಕದ ಗುಳ್ಳೆ ಏಳುತ್ತವೆ. ಕೆಂಪು ಪಾಚಿಗಳೂ ಆಗಬಹುದು. ಪಾಚಿಯನ್ನು ಬಂಡೆಯಿಂದ ಕಿತ್ತು ತಂದರೆ ಸಾಯುತ್ತದೆ, ಅದು ಅಂಟಿದ ಕಲ್ಲಿನ ಚೂರನ್ನೂ ಉಳಿ ಸುತ್ತಿಗೆಯಿಂದ ಎಬ್ಬಿಸಿ ತರಬೇಕು. ಈ ಕೊನೆಯ ಮಾತು ನೆನಪಿರಲಿ, ಮುಂದೆ ಇದೇ ಮುಳುವಾಯಿತು.

1853ರ ಮೇ ತಿಂಗಳಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಕಡಲಿನಿಂದ ಜೀವಂತ ಪ್ರಾಣಿಗಳನ್ನು ಹುಡುಕಿ ರೈಲಿನಲ್ಲಿ ಕಳಿಸಿದವರಲ್ಲಿ ಗಾಸ್ ಪ್ರಮುಖ. ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ಗಾಜು ಅಗ್ಗವಾಗಿತ್ತು, ರೈಲು ಬಂದಿತ್ತು. ಕಾಲ ಕೂಡಿಬಂದಿತ್ತು ಅನ್ನಿ. 1854ರಲ್ಲಿ ಅವನ ಪುಸ್ತಕ ಹೊರಬಂತು, ತಾನೇ ಬರೆದ ಬಣ್ಣದ ಚಿತ್ರಗಳ ಸಮೇತ. ಹೆಸರು ದಿ ಅಕ್ವೇರಿಯಂ. ಅಲ್ಲಿಯವರೆಗೆ ಈ ಗಾಜಿನ ಪೆಟ್ಟಿಗೆಗೆ ವೈವೇರಿಯಂ, ಆಕ್ವಾ ವೈವೇರಿಯಂ ಅಂತ ನಾಲಿಗೆ ತಿರುಗದ ಹೆಸರುಗಳಿದ್ದವು. ಇವತ್ತು ಬೆಳಗಾವಿಯ ಅಂಗಡಿ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯುವ ಅಕ್ವೇರಿಯಂ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಆ ಪುಸ್ತಕದಿಂದ.

ನಮ್ಮಂಥ ಒಣ ಸೀಮೆಯವರಿಗೆ ಆ ಪುಸ್ತಕದಲ್ಲಿ ಬಹಳ ಉಪಯೋಗದ ಭಾಗ ಅಂದ್ರೆ ಕೃತಕ ಸಮುದ್ರದ ನೀರಿನ ಪಾಕ. ಕಡಲಿನಿಂದ ದೂರ ಇದ್ದವರೂ ಟ್ಯಾಂಕ್ ಇಡಲಿ ಅಂತ ಗಾಸ್ ಸಮುದ್ರದ ನೀರಿನ ವಿಶ್ಲೇಷಣೆ ಮುಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದ. ಅಡುಗೆ ಉಪ್ಪು ಮೂರೂವರೆ ಔನ್ಸ್, ಎಪ್ಸಮ್ ಉಪ್ಪು ಕಾಲು ಔನ್ಸ್, ಮೆಗ್ನೀಸಿಯಂ ಕ್ಲೋರೈಡ್ 200 ಗ್ರೇನ್, ಪೊಟಾಸಿಯಂ ಕ್ಲೋರೈಡ್ 40 ಗ್ರೇನ್. ಇಷ್ಟಕ್ಕೆ ನಾಲ್ಕು ಕ್ವಾರ್ಟಿಗಿಂತ ತುಸು ಕಡಿಮೆ ನೀರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸುಮಾರು ನಾಲ್ಕೂವರೆ ಲೀಟರ್ ನೀರಿಗೆ ಅಂದಾಜು 100 ಗ್ರಾಂ, 7 ಗ್ರಾಂ, 13 ಗ್ರಾಂ, ಎರಡೂವರೆ ಗ್ರಾಂ. ಬ್ರೋಮೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟನ್ನು ಕೈಬಿಟ್ಟ. ರಾಮದುರ್ಗದವ ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿದ: ಲೀಟರಿಗೆ 30 ಗ್ರಾಂ ಕೂಡ ಆಗೋದಿಲ್ಲ, ಸಮುದ್ರದಲ್ಲಿ ಸುಮಾರು 35 ಇರುತ್ತದೆ. ತೆಳು ಪಾಕ. ಸುಣ್ಣದ ಅಸ್ಥಿ ಕಟ್ಟುವ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಅಂತೂ ಲೆಕ್ಕಕ್ಕೇ ಇಲ್ಲ. ಈಗ ಪ್ಯಾಕೆಟ್ಟಿನಲ್ಲಿ ಸಿಗುವ ಉಪ್ಪಿನಲ್ಲಿ ಅದೆಲ್ಲ ಇರುತ್ತದೆ, ಗಾಸ್‌ನ ಪಾಕ ಮಾಡಲು ಹೋಗಬೇಡಿ. ಆದರೂ ಸಮುದ್ರಹೂಗಳು ಅದರಲ್ಲಿ ಬದುಕಿದವು ಅನ್ನೋದು ಸತ್ಯ.

ಬದುಕಿದ್ದು ಹೇಗೆ ಅನ್ನೋದೇ ಇಡೀ ಕಥೆಯ ತಿರುಳು. ಪಾಕ ಮಾಡಿದ ಕೂಡಲೇ ಗಾಸ್ ಪ್ರಾಣಿ ಬಿಡಲಿಲ್ಲ. ಮೊದಲು ನೀರನ್ನು ಸೋಸಿದ. ಉಲ್ವಾ ಪಾಚಿ ಅಂಟಿದ ಕಲ್ಲುಗಳನ್ನಷ್ಟೇ ಇಟ್ಟು, ಬೆಳಕಿಗೆ ಬಿಟ್ಟು, ಸುಮ್ಮನೆ ಕಾದ. ಒಂದು ವಾರ ಕಳೆದು ನೀರಿಗೆ ಒಂದು ಹದ ಬಂದ ಮೇಲೆ ಒಂದೊಂದೇ ಪ್ರಾಣಿ. ಹೊಸ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಅದು ಹಸಿ, ಅದಕ್ಕೆ ವಯಸ್ಸಾಗಬೇಕು ಅನ್ನೋದು ಅವನಿಗೆ ಅನುಭವದಿಂದ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. ಪ್ರಾಣಿಗಳ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಕಲ್ಲು ಮರಳಿಗೆ ಅಂಟಿದ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ನೈಟ್ರೇಟನ್ನು ಪಾಚಿ ಉಣ್ಣುತ್ತದೆ. ಇದು ಎರಡು ಹಂತದ ಕೆಲಸ ಅಂತ ತೋರಿಸಿದವರಲ್ಲಿ ಒಬ್ಬ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಗೋಲ್ಡ್‌ಫಿಶ್ ಪಾತ್ರೆ ಇಟ್ಟಿದ್ದ ವಾರಿಂಗ್ಟನ್ನನ ಮಗ! ಅವನು ನೋಡಿದ್ದು ರೋಥಮ್‌ಸ್ಟೆಡ್‌ನ ಹೊಲದ ಮಣ್ಣಿನಲ್ಲಿ. ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದ್ದು ಸೆರ್ಗೇ ವಿನೊಗ್ರಾಡ್‌ಸ್ಕಿ, 1890ರಲ್ಲಿ. ಗಾಸ್ ತೀರಿಕೊಂಡು ಎರಡು ವರ್ಷ ಆಗಿತ್ತು.

ಈಗ ನಮ್ಮ ಭಾನುವಾರದ ಬ್ರಷ್ ನೆನಪು ಮಾಡಿಕೊಳ್ರಿ. ಕ್ಲೋರಿನ್ ಇರುವ ನಳದ ನೀರಿನಲ್ಲಿ ನಾವು ಉಜ್ಜಿ ತೆಗೆದದ್ದು ಹೊಲಸನ್ನಲ್ಲ, ಹೊಲಸು ತೆಗೆಯುವ ಆಳುಗಳನ್ನು. ಪ್ರತಿ ವಾರ ಟ್ಯಾಂಕನ್ನು ಹುಟ್ಟಿದ ದಿನಕ್ಕೆ ವಾಪಸ್ ಕಳಿಸುತ್ತಿದ್ದೆವು.

ಗಾಸ್‌ನ ಸಿಬ್ಬಂದಿ ಬೇರೆಯೇ ಇತ್ತು. ಗಾಜಿನ ಮೇಲೆ ಹಸಿರು ಪೊರೆ ಬೆಳೆದರೆ ಕಡಲತೀರದ ಪೆರಿವಿಂಕಲ್ ಬಸವನಹುಳು ನಾಲ್ಕು ಬಿಡುತ್ತಿದ್ದ. ಲೆನ್ಸ್ ಹಿಡಿದು ಗಾಜಿನ ಈಚೆಯಿಂದ ಅವುಗಳ ಬಾಯನ್ನೇ ನೋಡುತ್ತ ಕೂತವನು ಅವನು. ಸಾಲು ಸಾಲು ಸೂಕ್ಷ್ಮ ಹಲ್ಲುಗಳಿರುವ ಪಟ್ಟಿಯಂಥ ನಾಲಿಗೆ, ಹುಲ್ಲು ಕೊಯ್ಯುವವನ ಕುಡುಗೋಲಿನಂತೆ ಅತ್ತಿತ್ತ ಬೀಸಿ ಪಾಚಿ ಕೆರೆಯೋದನ್ನು, ಹಿಂದೆ ಸ್ವಚ್ಛ ಗಾಜಿನ ಅರ್ಧಚಂದ್ರಗಳ ಸಾಲು ಉಳಿಯೋದನ್ನು ವರ್ಣಿಸಿದ. ಸತ್ತದ್ದನ್ನು ಅದೇ ದಿನ ಎತ್ತಿಹಾಕಬೇಕು. ಊಟ ಕಡಿಮೆ ಹಾಕಬೇಕು. ಬಿಸಿಲು ನೇರ ಬಿದ್ದು ನೀರು ಕಾಯಬಾರದು. ಮೇಲೆ ಗಾಜಿನ ಮುಚ್ಚಳ ಇರಬೇಕು. ನೀರಿನ ಮಟ್ಟಕ್ಕೆ ಗುರುತು ಹಾಕಿ, ಇಳಿದಷ್ಟು ಸಿಹಿನೀರು ತುಂಬಬೇಕು. ಆವಿಯಾಗೋದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. 1855ರಲ್ಲಿ ಇದನ್ನೆಲ್ಲ ಒಂದು ಚಿಕ್ಕ ಕೈಪಿಡಿಯಾಗಿಯೂ ತಂದ.

ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದು ಫ್ಯಾನ್ ಹಾಕಿದರೆ ನಮ್ಮ ಟ್ಯಾಂಕಿನಿಂದ ದಿನಕ್ಕೆ ಮುನ್ನೂರು ಮಿಲಿ ಹೋಗುತ್ತಿತ್ತು. ಐದು ದಿನ ಮರೆತರೆ ಒಂದೂವರೆ ಲೀಟರ್. 35ರಲ್ಲಿದ್ದ ಉಪ್ಪು 37.8ಕ್ಕೆ ಏರುತ್ತದೆ, ಲೆಕ್ಕ ಮಾಡಿ ನೋಡ್ರಿ. ಇನ್ನೂರು ಲೀಟರಿನ ಟ್ಯಾಂಕಿಗೆ ಇದು ಏನೂ ಅಲ್ಲ. ಚಿಕ್ಕ ಟ್ಯಾಂಕ್ ಸುಲಭ ಅಂತ ಎಲ್ಲರೂ ತಿಳಿಯೋದು, ಆದರೆ ಚಿಕ್ಕದಕ್ಕೆ ತಡೆದುಕೊಳ್ಳುವ ಶಕ್ತಿಯೇ ಕಡಿಮೆ. ಮತ್ತೆ ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವಂಥಾದ್ದು. ಅದನ್ನೇ ದಿನಾ ಸುರಿದರೆ ಬೇಡದ್ದೆಲ್ಲ ಒಳಗೇ ಜಮಾ ಆಗುತ್ತದೆ. ಮೆಸ್ಸಿನ ಆರ್‌ಓ ನೀರನ್ನು ಬಾಟಲಿಯಲ್ಲಿ ತರುತ್ತಿದ್ದೇವೆ. ಮೆಸ್ ಮಾಮಾಗೆ ಇದು ಕುಡಿಯಲು ಅಂತ ಹೇಳಿದ್ದೇವೆ, ಯಾರೂ ಬಾಯಿ ಬಿಡಬ್ಯಾಡ್ರಿ.

ಗಾಸ್‌ನ ಹೆಸರು ಮೇಲೇರುತ್ತಿತ್ತು. 1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಫೆಲೋ ಆಗಿ ಆರಿಸಿತು; ಕಾಲೇಜು ಮೆಟ್ಟಿಲು ಹತ್ತದ ಗುಮಾಸ್ತನಿಗೆ ಅದು ಸಣ್ಣದಲ್ಲ. ಅದೇ ಹೊತ್ತಿಗೆ ಎಮಿಲಿಗೆ ಸ್ತನ ಕ್ಯಾನ್ಸರ್ ಬಂತು. ನೋವಿನ ಚಿಕಿತ್ಸೆಗಳಾದವು, ಫಲ ಸಿಗಲಿಲ್ಲ. 1857ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಎಡ್ಮಂಡನನ್ನು ಕರೆದುಕೊಂಡು ಗಾಸ್ ಡೆವನ್ನಿನ ಸೇಂಟ್ ಮೇರಿಚರ್ಚಿಗೆ ಹೋದ. ಟಾರ್ಕಿಯ ಪಕ್ಕ, ಆನಾ ಥಿನ್ ಹವಳ ಎತ್ತಿದ ಅದೇ ಕಡಲು.

ಆ ವರ್ಷವೇ ಅವನ ಬದುಕಿನ ದೊಡ್ಡ ಮುಗ್ಗರಿಕೆ, ಓಂಫಲೋಸ್ ಎಂಬ ಪುಸ್ತಕ. ಭೂಗರ್ಭಶಾಸ್ತ್ರ ಭೂಮಿಗೆ ಕೋಟ್ಯಂತರ ವರ್ಷ ಅನ್ನುತ್ತಿತ್ತು, ಅವನು ನಂಬಿದ ಗ್ರಂಥ ಆರು ದಿನದ ಸೃಷ್ಟಿ ಅನ್ನುತ್ತಿತ್ತು. ಎರಡನ್ನೂ ಬಿಡಲಾಗದ ಗಾಸ್ ಹೀಗೆ ವಾದಿಸಿದ: ದೇವರು ಸೃಷ್ಟಿಸಿದ ಮೊದಲ ಮರದ ಕಾಂಡದಲ್ಲೂ ವರ್ಷದ ಉಂಗುರಗಳಿದ್ದಿರಬೇಕು, ಮೊದಲ ಮನುಷ್ಯನಿಗೂ ಹೊಕ್ಕಳಿದ್ದಿರಬೇಕು, ಹಾಗೆಯೇ ಬಂಡೆಗಳೂ ಪಳೆಯುಳಿಕೆಗಳ ಸಮೇತ, ಹಳೆಯದಾಗಿಯೇ ಹುಟ್ಟಿದವು. ವಿಜ್ಞಾನಿಗಳು ನಕ್ಕರು, ಪಾದ್ರಿಗಳೂ ಒಪ್ಪಲಿಲ್ಲ. ಪ್ರತಿಗಳು ಮಾರಾಟವಾಗದೆ ಬಿದ್ದವು. ಎರಡು ವರ್ಷಕ್ಕೆ, 1859ರಲ್ಲಿ, ಅವನಿಗೆ ಪರಿಚಯವಿದ್ದ, ಪತ್ರವ್ಯವಹಾರವೂ ಇದ್ದ ಡಾರ್ವಿನ್ನನ ಪುಸ್ತಕ ಬಂತು.

ನನಗೆ ಇದು ವಿಚಿತ್ರ ಅನ್ನಿಸೋದು ಯಾಕಂದ್ರೆ, ವಯಸ್ಸನ್ನು ಹುಟ್ಟುತ್ತಲೇ ತುಂಬಿಕೊಡಲು ಬರೋದಿಲ್ಲ ಅಂತ ಅವನಷ್ಟು ಚೆನ್ನಾಗಿ ಕಂಡವರು ಆಗ ಯಾರಿದ್ದರು? ಪಾಕದ ಲವಣಗಳನ್ನು ಗ್ರೇನ್ ಲೆಕ್ಕದಲ್ಲಿ ತೂಗಿ ಹಾಕಿದರೂ ನೀರು ಕಾಯಲೇಬೇಕಿತ್ತು. ತನ್ನ ಮೇಜಿನ ಮೇಲಿನ ಗಾಜಿನ ಪಾತ್ರೆಗೆ ಕೊಟ್ಟ ಸಮಯವನ್ನು ಅವನು ಭೂಮಿಗೆ ಕೊಡಲು ಒಪ್ಪಲಿಲ್ಲ. ಇದು ನನ್ನ ಸ್ವಂತ ಜೋಡಣೆ, ತಪ್ಪಿದ್ದರೆ ಕ್ಲಬ್ಬಿನ ಮೀಟಿಂಗಿನಲ್ಲಿ ಜಗಳ ಆಡೋಣ.

ಆ ಸೋಲಿನಿಂದ ಅವನು ಮುರಿದುಹೋಗಲಿಲ್ಲ. ಮತ್ತೆ ಬಂಡೆಯ ಹೊಂಡಗಳಿಗೆ ಇಳಿದ. 1858ರಿಂದ 60ರವರೆಗೆ ಭಾಗ ಭಾಗವಾಗಿ ಬಂದ ಬ್ರಿಟಿಷ್ ಸಮುದ್ರಹೂ ಮತ್ತು ಹವಳಗಳ ಗ್ರಂಥ ಅವನ ಅತ್ಯುತ್ತಮ ಕೆಲಸ; ಜೀವಂತ ಪ್ರಾಣಿಯನ್ನು ವಾರಗಟ್ಟಲೆ ಟ್ಯಾಂಕಿನಲ್ಲಿ ನೋಡಿ ಬರೆದದ್ದರಿಂದಲೇ ಅದು ಸಾಧ್ಯವಾಯಿತು. 1860ರಲ್ಲಿ ಎಲೈಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮದುವೆಯಾದ.

ಅಷ್ಟರಲ್ಲಿ ಅವನ ಪುಸ್ತಕಗಳು ಕಡಲತೀರದಲ್ಲಿ ಬೇರೆಯೇ ಕೆಲಸ ಮಾಡುತ್ತಿದ್ದವು. ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗಳಿಗೆಲ್ಲ ಅಕ್ವೇರಿಯಂ ಬೇಕಾಯಿತು. ರಜೆ ಬಂದರೆ ರೈಲು ತುಂಬ ಜನ, ಕೈಯಲ್ಲಿ ಬಕೆಟ್, ಉಳಿ, ಸುತ್ತಿಗೆ. ಗಾಸ್ ಹೇಳಿಕೊಟ್ಟ ಹಾಗೆ ಪಾಚಿಯನ್ನು ಕಲ್ಲಿನ ಸಮೇತ ಎಬ್ಬಿಸಿದರು. ಅವನೇ 1855ರಲ್ಲಿ ಇಲ್‌ಫ್ರಾಕೂಂಬ್‌ನಲ್ಲಿ ಜನರನ್ನು ಗುಂಪುಕಟ್ಟಿ ಕರೆದೊಯ್ದು ದಂಡೆಯ ಮೇಲೆ ಪಾಠ ಮಾಡಿದ್ದ. ಪುಸ್ತಕದ ಚಿತ್ರ ನೋಡಿ ಆಸೆಪಟ್ಟ ಜನ ಪುಸ್ತಕದ ತಾಳ್ಮೆಯನ್ನು ಕಲಿಯಲಿಲ್ಲ. ಒಂದು ವಾರ ಕಾಯುವವರು ಯಾರು? ತಂದರು, ತುರುಕಿದರು, ಎರಡು ದಿನಕ್ಕೆ ನೀರು ನಾರಿತು, ಚೆಲ್ಲಿದರು, ಮತ್ತೆ ತರಲು ಹೋದರು. ಗಾಸ್‌ನ ಪಾತ್ರೆಯಲ್ಲಿ ಒಂದು ಸಮುದ್ರಹೂ ಬಾಳುವಷ್ಟು ಹೊತ್ತಿನಲ್ಲಿ ಇಂಥ ಮನೆಯೊಂದು ಎಷ್ಟನ್ನು ಕೊಂದಿರಬಹುದು, ನೀವೇ ಊಹಿಸಿ.

ಮಗ ಎಡ್ಮಂಡ್ ಗಾಸ್ ಮುಂದೆ ಹೆಸರಾಂತ ಸಾಹಿತಿಯಾದ. ಅಪ್ಪನ ನಂಬಿಕೆಯಿಂದ ದೂರ ಸರಿದ. 1907ರಲ್ಲಿ ಬರೆದ ಫಾದರ್ ಅಂಡ್ ಸನ್ ಪುಸ್ತಕದಲ್ಲಿ, ತಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಬಗ್ಗಿ ನೋಡಿದ ಆ ಬಂಡೆಹೊಂಡಗಳು ಮನುಷ್ಯರ ಕೈ ಮುಟ್ಟದ ಕಾಲದಿಂದ ಹಾಗೇ ತುಂಬಿಕೊಂಡಿದ್ದವು ಅಂತಲೂ, ಸಂಗ್ರಾಹಕರ ದಂಡು ಬಂದು ಅವನ್ನು ಬರಿದು ಮಾಡಿತು ಅಂತಲೂ ನೋವಿನಿಂದ ನೆನೆದಿದ್ದಾನೆ. ಅಪ್ಪನೂ ಅದನ್ನು ಕಣ್ಣಾರೆ ಕಂಡ. ತಾನು ಬರೆದದ್ದೇ ಇದಕ್ಕೆ ಕಾರಣ ಅನ್ನೋ ಸಂಕಟ ಅವನನ್ನು ಬಿಡಲಿಲ್ಲ. ಸಮುದ್ರವನ್ನು ಪ್ರೀತಿಸಲು ಹೇಳಿಕೊಟ್ಟವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದ್ದೀತು.

ಇದನ್ನು ಓದಿದ ರಾತ್ರಿ ನಮ್ಮ ರೂಮಿನಲ್ಲಿ ಹವಳದ ಚರ್ಚೆ ಎದ್ದಿತು. ಮುರ್ಡೇಶ್ವರದ ಎದುರು ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಸ್ಕೂಬಾಕ್ಕೆ ಹೋಗಿ ಬಂದ ಸೀನಿಯರ್‌ಗಳಿಗೆ ಗೊತ್ತು. ಆದರೆ ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಅದನ್ನು ಎತ್ತೋದು, ಮಾರೋದು ಅಪರಾಧ. ಸವದತ್ತಿಯವ ಒಂದು ಮಾತು ಕೇಳಿದ: ಸಣ್ಣ ತುಂಡೊಂದು ತಂದರೆ ಯಾರಿಗೆ ಗೊತ್ತಾಗುತ್ತದೆ ಅಂತ. ಯಾರೂ ಉತ್ತರ ಕೊಡಲಿಲ್ಲ. ಮರುದಿನ ಅವನೇ ಆ ಮಾತು ಬಿಟ್ಟ.

ಹಾಗಾಗಿ ನಮ್ಮ ಎರಡನೇ ಟ್ಯಾಂಕಿನಲ್ಲಿ ಹವಳ ಇಲ್ಲ. ಮೀನೂ ಇಲ್ಲ, ಇಪ್ಪತ್ತು ಲೀಟರ್ ಮೀನಿಗೆ ಸಾಲದು. ಒಣ ಕಲ್ಲು ಎರಡು ಕಿಲೋ ಜೋಡಿಸಿ, ಹವ್ಯಾಸಿಯೊಬ್ಬರ ಹಳೇ ಟ್ಯಾಂಕಿನಿಂದ ಬ್ಯಾಕ್ಟೀರಿಯಾ ಹಿಡಿದ ಒಂದು ಕಲ್ಲಿನ ಚೂರು ಬೇಡಿ ತಂದು, ಆರು ವಾರ ಖಾಲಿ ನೀರು ನೋಡುತ್ತ ಕೂತೆವು. ಜನ ಬಂದು ಏನಿದು ಕಲ್ಲಿನ ಸಾರು ಅಂತ ಕೇಳಿ ಹೋದರು. ಅಮೋನಿಯಾ ಟೆಸ್ಟ್ ಸೊನ್ನೆ ತೋರಿಸಿದ ಮೇಲೆ ದಾರದಂಥ ಹಸಿರು ಪಾಚಿ ಒಂದು ಮುಷ್ಟಿ, ಆಮೇಲೆ ಬಸವನಹುಳು ನಾಲ್ಕು, ಆಮೇಲೆ ಚಿಪ್ಪು ಹೊತ್ತು ತಿರುಗುವ ಒಂದು ಸನ್ಯಾಸಿ ಏಡಿ. ದಿನಕ್ಕೆ ಎಂಟು ತಾಸು ಬೆಳಕು. ದಿನಾ ಗುರುತಿನವರೆಗೆ ಆರ್‌ಓ ನೀರು, ತಿಂಗಳಿಗೊಮ್ಮೆ ಎರಡು ಲೀಟರ್ ಬದಲಾವಣೆ, ಬೆಳೆದ ಪಾಚಿಯನ್ನು ಆಗಾಗ ಒಂದು ಹಿಡಿ ಕಿತ್ತು ಹಾಕೋದು. ಕಿತ್ತು ಹಾಕಿದ ಪಾಚಿಯ ಜೊತೆ ನೈಟ್ರೇಟ್ ಹೊರಗೆ ಹೋಗುತ್ತದೆ. ಬ್ರಷ್ಷನ್ನು ಶೂ ತೊಳೆಯಲು ಇಟ್ಟುಕೊಂಡಿದ್ದೇವೆ.

ಕೊನೆಯ ವರ್ಷಗಳಲ್ಲಿ ಗಾಸ್ ಆರ್ಕಿಡ್ ಬೆಳೆಸಿದ, ಮೈಕ್ರೋಸ್ಕೋಪಿನಲ್ಲಿ ರೋಟಿಫರ್ ಎಂಬ ನೀರಿನ ಸೂಕ್ಷ್ಮಜೀವಿಗಳನ್ನು ನೋಡಿದ, ಎಪ್ಪತ್ತರ ನಂತರ ನಕ್ಷತ್ರ ನೋಡುವ ಹುಚ್ಚು ಹಿಡಿಸಿಕೊಂಡ. ಚಳಿಗಾಲದ ಒಂದು ರಾತ್ರಿ ತೆರೆದ ಕಿಟಕಿಯಲ್ಲಿ ಟೆಲಿಸ್ಕೋಪ್ ಸರಿಮಾಡುತ್ತ ನಿಂತು ಶೀತ ಹತ್ತಿಸಿಕೊಂಡ, ಅದು ಎದೆಗೆ ಇ‍ಳಿಯಿತು. ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1888ರ ಆಗಸ್ಟ್ 23ರಂದು, ಎಪ್ಪತ್ತೆಂಟನೇ ವಯಸ್ಸಿಗೆ, ಅದೇ ಸೇಂಟ್ ಮೇರಿಚರ್ಚಿನ ಮನೆಯಲ್ಲಿ ತೀರಿಕೊಂಡ.

ಸೆಮಿಸ್ಟರ್ ರಜೆಗೆ ನಾವು ನಾಲ್ವರೂ ಊರಿಗೆ ಹೋಗಿದ್ದೆವು, ಹದಿನೆಂಟು ದಿನ. ಮುಚ್ಚಳ ಹಾಕಿ, ಲೈಟಿಗೆ ಟೈಮರ್ ಇಟ್ಟು, ಉಳಿದದ್ದನ್ನು ಬಸವನಹುಳುಗಳಿಗೆ ಬಿಟ್ಟು. ಬಂದು ಬಾಗಿಲು ತೆಗೆದಾಗ ಮೊದಲು ಮೂಗಿನಿಂದ ಉಸಿರು ಎಳೆದು ನೋಡಿದೆವು. ವಾಸನೆ ಇರಲಿಲ್ಲ. ನೀರು ಟೇಪಿನ ಗುರುತಿಗಿಂತ ಎರಡು ಬೆರಳು ಇಳಿದಿತ್ತು. ಗಾಜಿನ ಹಸಿರು ಪೊರೆಯ ಮೇಲೆ ಬಸವನಹುಳು ಹೋದ ದಾರಿ, ಅರ್ಧಚಂದ್ರಗಳ ಸಾಲು. ಸನ್ಯಾಸಿ ಏಡಿ ಕಾಣಲಿಲ್ಲ ಅಂತ ಹುಡುಕಿದರೆ, ಅದು ಹಳೇ ಚಿಪ್ಪು ಬಿಟ್ಟು ಮೂಲೆಯಲ್ಲಿಟ್ಟಿದ್ದ ದೊಡ್ಡ ಚಿಪ್ಪಿಗೆ ಮನೆ ಬದಲಿಸಿತ್ತು. ರಾಮದುರ್ಗದವ ಬ್ಯಾಗ್ ಇಳಿಸದೆಯೇ ಮೆಸ್ಸಿಗೆ ಹೋಗಿ ಬಾಟಲಿ ತುಂಬಿಸಿಕೊಂಡು ಬಂದ.